ಇಪ್ಪತ್ತು ನಿಮಿಷ ಓಡಿ ನಿಂತುಬಿಡುವ ಎಂಜಿನ್: ಹಳೇ ಗಾರ್ಡನ್ ಟ್ರ್ಯಾಕ್ಟರ್‌ನ ದೋಷ ಹುಡುಕುವ ಬಗೆ

ನಾನು ಮೊದಲು ತಂದ ಹಳೇ ಗಾರ್ಡನ್ ಟ್ರ್ಯಾಕ್ಟರ್‌ಗೆ, ಅಂದರೆ ಮನೆ ತೋಟದಲ್ಲಿ ಹುಲ್ಲು ಕತ್ತರಿಸುವಂಥ ಕೆಲಸಕ್ಕೆ ಬಳಸುವ ಸಣ್ಣ ಟ್ರ್ಯಾಕ್ಟರ್‌ಗೆ, ಒಂದು ವಿಚಿತ್ರ ತೊಂದರೆ ಇತ್ತು. ತಣ್ಣಗಿದ್ದಾಗ ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಗುತ್ತಿತ್ತು. ಇಪ್ಪತ್ತು ನಿಮಿಷ ಚೆನ್ನಾಗಿಯೇ ಓಡುತ್ತಿತ್ತು. ಆಮೇಲೆ ಉಸಿರು ಕಟ್ಟಿದ ಹಾಗೆ ಶಕ್ತಿ ಇಳಿದು ನಿಂತುಬಿಡುತ್ತಿತ್ತು. ಎಷ್ಟು ಒದ್ದಾಡಿದರೂ ಮತ್ತೆ ಹತ್ತಿಕೊಳ್ಳುತ್ತಿರಲಿಲ್ಲ. ಮುಕ್ಕಾಲು ಗಂಟೆ ಬಿಟ್ಟು ಬಂದರೆ, ಏನೂ ಆಗಿಲ್ಲ ಅನ್ನುವ ಹಾಗೆ ಮತ್ತೆ ಸ್ಟಾರ್ಟ್.

ನಾನು ಪ್ಲಗ್‌ಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಬದಲಾಯಿಸಿದೆ. ಅದೇ ಕಿಡಿ ವ್ಯವಸ್ಥೆಯ ಕಂಡೆನ್ಸರ್ ಬದಲಾಯಿಸಿದೆ. ಕಾರ್ಬ್ಯುರೇಟರ್ ಬಿಚ್ಚಿ ಹೊಸ ಕಿಟ್ ಹಾಕಿದೆ. ತೊಂದರೆ ಇದ್ದಲ್ಲೇ ಇತ್ತು. ಕೊನೆಗೆ ದೋಷ ತೋರಿಸಿಕೊಟ್ಟದ್ದು ಯಾವ ಹೊಸ ಭಾಗವೂ ಅಲ್ಲ, ಬರಿಗೈಯಲ್ಲಿ ಮಾಡುವ ಒಂದು ಪರೀಕ್ಷೆ. ಹಳೇ ಟ್ರ್ಯಾಕ್ಟರ್ ರಿಪೇರಿ ಮಾಡುವ ಈ ಹವ್ಯಾಸಕ್ಕೆ ಹೊಸದಾಗಿ ಬಂದವರು ನನ್ನ ಹಾಗೆ ಭಾಗಗಳನ್ನು ಕೊಳ್ಳುತ್ತಾ ಹೋಗದೆ, ಪರೀಕ್ಷೆ ಮಾಡುತ್ತಾ ಹೋಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಮೊದಲು ಸ್ಟಾರ್ಟೇ ಆಗದ ಎಂಜಿನ್ ನೋಡೋಣ. ಬಿಸಿಯಾಗಿ ನಿಲ್ಲುವ ಎಂಜಿನ್ ಆಮೇಲೆ. ಎರಡಕ್ಕೂ ಬೇಕಾದ ಪರೀಕ್ಷೆಗಳು ಹೆಚ್ಚುಕಡಿಮೆ ಅವೇ.

ಯಾವ ಯಂತ್ರಗಳ ಮಾತು ಇದು

1960 ಮತ್ತು 70ರ ದಶಕದ ಗಾರ್ಡನ್ ಟ್ರ್ಯಾಕ್ಟರ್‌ಗಳು. ಅಮೆರಿಕದ ವ್ಹೀಲ್ ಹಾರ್ಸ್ ಕಂಪನಿ ಶುರುವಾದದ್ದು 1946ರಲ್ಲಿ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನ ಕಬ್ ಕೆಡೆಟ್ ಬಂದದ್ದು 1961ರ ಹೊತ್ತಿಗೆ. ಜಾನ್ ಡಿಯರ್ 110 ಬಂದದ್ದು 1963ರಲ್ಲಿ. ಹೊರಗಿನ ಬಣ್ಣ ಕೆಂಪು, ಹಳದಿ, ಹಸಿರು ಅಂತ ಬೇರೆ ಬೇರೆ. ಆದರೆ ಬಾನೆಟ್ ಎತ್ತಿದರೆ ಒಳಗೆ ಸಿಗುವುದು ಹೆಚ್ಚಾಗಿ ಒಂದೇ ಬಗೆಯ ಎಂಜಿನ್: ಎರಕದ ಕಬ್ಬಿಣದ ಬ್ಲಾಕ್, ಒಂದೇ ಸಿಲಿಂಡರ್, ಗಾಳಿಯಿಂದ ತಣ್ಣಗಾಗುವ ವ್ಯವಸ್ಥೆ, ವಾಲ್ವ್‌ಗಳು ಹೆಡ್‌ನಲ್ಲಿ ಇರದೆ ಸಿಲಿಂಡರ್ ಪಕ್ಕದಲ್ಲಿ. ಕೋಹ್ಲರ್ ಕಂಪನಿಯ ಕೆ ಸರಣಿಯ ಎಂಜಿನ್‌ಗಳನ್ನು ಈ ಮೂರೂ ಕಂಪನಿಗಳು ಬಳಸಿವೆ. ಕೆ181 ಅಂದರೆ 8 ಎಚ್‌ಪಿ, ಕೆ241 ಅಂದರೆ 10, ಕೆ301 ಅಂದರೆ 12. ಮೊದಲ ಎರಡು ಅಂಕಿ ಸಿಲಿಂಡರ್‌ನ ಗಾತ್ರ, ಸುಮಾರಾಗಿ ಘನ ಇಂಚಿನಲ್ಲಿ. ಕೊನೆಯ 1 ಅಂದರೆ ಒಂದು ಸಿಲಿಂಡರ್.

ಇನ್ನೂ ಕೊಂಡಿಲ್ಲದವರಿಗೆ ಒಂದೇ ಮಾತು. ಎಂಜಿನ್ ಕೆಟ್ಟಿದ್ದರೂ ಪರವಾಗಿಲ್ಲ, ಯಂತ್ರ ಪೂರ್ತಿ ಇರಬೇಕು. ಪಿಸ್ಟನ್ ರಿಂಗ್, ಗ್ಯಾಸ್ಕೆಟ್, ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಹಾರಿಸುವ ಸಣ್ಣ ಸ್ವಿಚ್) ಇವೆಲ್ಲ ಇವತ್ತಿಗೂ ಸಿಗುತ್ತವೆ. ಮುಂದಿನ ಗ್ರಿಲ್, ಬಾನೆಟ್, ಬೆಲ್ಟ್ ಗಾರ್ಡ್, ಆ ಮಾಡೆಲ್‌ಗೇ ಸೇರಿದ ಸಣ್ಣ ಸಣ್ಣ ಬ್ರಾಕೆಟ್‌ಗಳು ಕಳೆದುಹೋಗಿದ್ದರೆ ಹುಡುಕುವುದು ಬಹಳ ಕಷ್ಟ. ಇನ್ನು ಬಣ್ಣದ ಕೆಲಸ. ಎಂಜಿನ್ ಒಂದು ಗಂಟೆ ನಿಲ್ಲದೆ ಓಡುವ ತನಕ ಬಣ್ಣದ ಡಬ್ಬಿ ತೆರೆಯಬೇಡಿ. ಹೊಸ ಬಣ್ಣದ ಮೇಲೆ ಪೆಟ್ರೋಲ್ ಸುರಿದು, ಸ್ಪ್ಯಾನರ್ ಜಾರಿ ಗೀರಿದರೆ ಹೊಟ್ಟೆ ಉರಿಯುತ್ತದೆ.

ಕೀ ತಿರುಗಿಸುವ ಮೊದಲು

ಹೊರಗೆ, ಗಾಳಿ ಆಡುವ ಜಾಗದಲ್ಲಿ ನಿಲ್ಲಿಸಿಕೊಳ್ಳಿ. ಪೆಟ್ರೋಲ್ ಬೆಂಕಿಗೆ ಆಗುವಂಥ ಅಗ್ನಿಶಾಮಕ ಸಿಲಿಂಡರ್ ಕೈಗೆ ಸಿಗುವ ಹಾಗಿರಲಿ. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಏನು ಅಳೆದಿರಿ, ಏನು ಮುಟ್ಟಿದಿರಿ, ಆಮೇಲೆ ಏನಾಯಿತು ಅಂತ ಬರೆಯುತ್ತಾ ಹೋಗಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಮಾಡಿ ಎಂಜಿನ್ ಸರಿಹೋದರೆ, ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದೇ ಇಲ್ಲ.

ಮೊದಲು ಎಂಜಿನ್ ಮೇಲಿನ ತಗಡಿನ ಕವಚ ಬಿಚ್ಚಿ. ಫ್ಲೈವೀಲ್‌ನ ರೆಕ್ಕೆಗಳು ಗಾಳಿಯನ್ನು ಈ ಕವಚದ ಒಳಗಿಂದ ಸಿಲಿಂಡರ್ ಮೇಲೆ ತಳ್ಳುತ್ತವೆ. ವರ್ಷಗಟ್ಟಲೆ ಶೆಡ್‌ನಲ್ಲಿ ನಿಂತ ಯಂತ್ರದಲ್ಲಿ ಇಲ್ಲಿ ಇಲಿ ಗೂಡು ಇದ್ದೇ ಇರುತ್ತದೆ ಅಂತ ಇಟ್ಟುಕೊಳ್ಳಿ. ಒಣಹುಲ್ಲು, ಬಟ್ಟೆ ಚೂರು, ಹಳೇ ಎಣ್ಣೆಗೆ ಅಂಟಿ ಗಟ್ಟಿಯಾದ ಧೂಳು. ಹೊರಗಿನಿಂದ ಏನೂ ಕಾಣುವುದಿಲ್ಲ. ಎಂಜಿನ್ ಮಾತ್ರ ಒಳಗೊಳಗೇ ಬೇಯುತ್ತದೆ. ನಾನು ಈ ಕವಚವನ್ನು ಮೊದಲ ದಿನ ಬಿಚ್ಚಲಿಲ್ಲ. ಅದರ ಬೆಲೆ ಏನಾಯಿತು ಅನ್ನುವುದು ಮುಂದೆ ಬರುತ್ತದೆ.

ಆಮೇಲೆ ಆಯಿಲ್. ಡಿಪ್‌ಸ್ಟಿಕ್ ಎಳೆದು ಮಟ್ಟ ನೋಡಿದರೆ ಸಾಲದು, ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ, ಅಥವಾ ಮಟ್ಟ ಇರಬೇಕಾದ್ದಕ್ಕಿಂತ ಜಾಸ್ತಿ ಇದ್ದರೆ, ಕಾರ್ಬ್ಯುರೇಟರ್‌ನ ಫ್ಲೋಟ್ ಸೂಜಿ ಸೋರಿ ಪೆಟ್ರೋಲ್ ಕೆಳಗೆ ಇಳಿದಿದೆ ಅಂತ ಅರ್ಥ. ಆ ಆಯಿಲ್‌ನಲ್ಲಿ ಎಂಜಿನ್ ಓಡಿಸಲೇಬಾರದು. ಈ ಎಂಜಿನ್‌ಗಳಲ್ಲಿ ಆಯಿಲ್ ಪಂಪ್ ಇಲ್ಲ. ಕನೆಕ್ಟಿಂಗ್ ರಾಡ್‌ನ ತುದಿಯಲ್ಲಿ ಒಂದು ಸಣ್ಣ ಸೌಟಿನಂಥದ್ದು ಇರುತ್ತದೆ. ಅದು ಪ್ರತಿ ಸುತ್ತಿಗೂ ಆಯಿಲ್‌ನಲ್ಲಿ ಮುಳುಗಿ ಚಿಮ್ಮಿಸುತ್ತದೆ, ಅಷ್ಟೇ. ಆಯಿಲ್ ತೆಳ್ಳಗಾದರೆ ಅಥವಾ ಕಡಿಮೆಯಾದರೆ ಮೊದಲು ಹೋಗುವುದು ಆ ರಾಡ್. ರಾಡ್ ಮುರಿದರೆ ಬ್ಲಾಕ್‌ಗೇ ತೂತು ಬೀಳಬಹುದು.

ಕೊನೆಯದಾಗಿ ಪ್ಲಗ್ ಬಿಚ್ಚಿ ಎಂಜಿನ್ ಅನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ. ಪೂರ್ತಿ ಹಿಡಿದುಕೊಂಡಿದ್ದರೆ ಪ್ಲಗ್ ತೂತಿನಿಂದ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕೆಲವು ದಿನ ಬಿಡಿ. ದಿನಕ್ಕೊಮ್ಮೆ ಕ್ರ್ಯಾಂಕ್ ನಟ್ಟಿಗೆ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಮೆಲ್ಲಗೆ ಅಲುಗಿಸಿ. ಸ್ಟಾರ್ಟರ್‌ನಿಂದ ಬಲವಂತ ಮಾಡಬೇಡಿ. ಫ್ಲೈವೀಲ್ ರೆಕ್ಕೆಗೆ ಸನ್ನೆ ಕೊಟ್ಟು ಎತ್ತಬೇಡಿ. ರೆಕ್ಕೆ ಮುರಿದರೆ ಫ್ಲೈವೀಲ್ ತೂಕ ತಪ್ಪುತ್ತದೆ.

ನಿಧಾನ ತಿರುಗುತ್ತಿದೆಯಾ? ಅರ್ಥ್ ನೋಡಿ

ಬ್ಯಾಟರಿ ಸುಮ್ನೆ ಕೂತಿದ್ದಾಗ 12.6 ವೋಲ್ಟ್ ತೋರಿಸಬೇಕು. ಸ್ಟಾರ್ಟರ್ ತಿರುಗುವಾಗ 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿ ದುರ್ಬಲ. ಇದು ಎಲ್ಲರಿಗೂ ಗೊತ್ತು. ಆದರೆ ಬ್ಯಾಟರಿ ಸರಿ ಇದ್ದೂ ಎಂಜಿನ್ ಒಲ್ಲೆ ಒಲ್ಲೆ ಅಂತ ತಿರುಗಿದರೆ?

ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ ಇಡಿ. ಕೇಬಲ್ ಕ್ಲಾಂಪ್ ಮೇಲಲ್ಲ, ಕಂಬದ ಮೇಲೆ. ಇನ್ನೊಂದನ್ನು ಎಂಜಿನ್ ಬ್ಲಾಕ್‌ನ ಹೊಳೆಯುವ ಕಬ್ಬಿಣಕ್ಕೆ ಒತ್ತಿ. ಇನ್ನೊಬ್ಬರಿಗೆ ಕೀ ತಿರುಗಿಸಲು ಹೇಳಿ. ಮೀಟರ್ ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅಷ್ಟು ಶಕ್ತಿ ಅರ್ಥ್ ದಾರಿಯಲ್ಲೇ, ಅಂದರೆ ವಿದ್ಯುತ್ ಬ್ಯಾಟರಿಗೆ ವಾಪಸ್ ಬರುವ ದಾರಿಯಲ್ಲೇ, ಸೋರಿ ಹೋಗುತ್ತಿದೆ. ಕೇಬಲ್ ಫ್ರೇಮ್‌ಗೆ ಸೇರುವ ಬೋಲ್ಟ್ ಬಿಚ್ಚಿ, ಬಣ್ಣ, ತುಕ್ಕು ಉಜ್ಜಿ, ಮತ್ತೆ ಬಿಗಿ ಮಾಡಿ. ಅಂದವಾಗಿ ಬಣ್ಣ ಬಳಿದ ಎಷ್ಟೋ ಟ್ರ್ಯಾಕ್ಟರ್‌ಗಳು ಸ್ಟಾರ್ಟ್ ಆಗದೇ ಇರುವುದು ಅದೇ ಬಣ್ಣ ಅರ್ಥ್ ಬೋಲ್ಟ್ ಕೆಳಗೆ ಹೊಕ್ಕಿರುವುದರಿಂದ.

ಈ ಕಾಲದ ತುಂಬಾ ಯಂತ್ರಗಳಲ್ಲಿ ಸ್ಟಾರ್ಟರ್, ಜನರೇಟರ್ ಎರಡೂ ಒಂದೇ ಡಬ್ಬಿ. ಬೆಲ್ಟ್ ಮೂಲಕ ಅದೇ ಎಂಜಿನ್ ತಿರುಗಿಸುತ್ತದೆ, ಎಂಜಿನ್ ಓಡುವಾಗ ಅದೇ ಬ್ಯಾಟರಿ ಚಾರ್ಜ್ ಮಾಡುತ್ತದೆ. ಬೆಲ್ಟ್ ಸಡಿಲ ಇದ್ದರೆ ಕಂಪ್ರೆಷನ್ ಬರುವ, ಅಂದರೆ ಪಿಸ್ಟನ್ ಸಿಲಿಂಡರ್ ಒಳಗಿನ ಗಾಳಿಯನ್ನು ಒತ್ತುವ, ಜಾಗದಲ್ಲಿ ಜಾರಿ ಕಿರ್ರ್ ಅನ್ನುತ್ತದೆ. ಅದನ್ನು ಸ್ಟಾರ್ಟರ್ ಹೋಗಿದೆ ಅಂತ ತಿಳಿಯಬೇಡಿ. ಇನ್ನೊಂದು ಮಾತು. ಕೀ ತಿರುಗಿಸಿದಾಗ ಏನೂ ಆಗದಿದ್ದರೆ ಕ್ಲಚ್ ಪೆಡಲ್ ಹತ್ತಿರದ, ಬ್ಲೇಡ್ ಲಿವರ್ ಹತ್ತಿರದ ಸುರಕ್ಷತಾ ಸ್ವಿಚ್‌ಗಳನ್ನು ಪರೀಕ್ಷಿಸಿ. ಅವನ್ನು ಶಾಶ್ವತವಾಗಿ ತಪ್ಪಿಸಿ ವೈರ್ ಜೋಡಿಸಬೇಡಿ. ಗೇರ್‌ನಲ್ಲಿದ್ದಾಗ ಸ್ಟಾರ್ಟ್ ಆದರೆ ಟ್ರ್ಯಾಕ್ಟರ್ ನಿಮ್ಮ ಮೇಲೇ ಬರುತ್ತದೆ.

ಕಂಪ್ರೆಷನ್: ಉಲ್ಟಾ ತಿರುಗಿಸಿ ನೋಡಿ

ಹೆಚ್ಚಿನವರು ಕಿಡಿಯಿಂದ ಶುರು ಮಾಡುತ್ತಾರೆ. ವರ್ಷಗಟ್ಟಲೆ ನಿಂತಿದ್ದ ಎಂಜಿನ್ ಆದರೆ ನಾನು ಕಂಪ್ರೆಷನ್‌ನಿಂದ ಶುರು ಮಾಡುತ್ತೇನೆ. ಎರಡು ನಿಮಿಷದ ಕೆಲಸ. ಇಲ್ಲಿ ಸೋತರೆ ಉಳಿದ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಕಂಪ್ರೆಷನ್ ಗೇಜ್ ಹಾಕಿ ಅಂಕಿ ಓದಿದರೆ ಮೋಸ ಹೋಗುತ್ತೀರಿ. ಕೋಹ್ಲರ್ ಕೆ ಸರಣಿಯಂಥ ಬಹಳಷ್ಟು ಎಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟ್ ಮೇಲೆ ಒಂದು ಸಣ್ಣ ವ್ಯವಸ್ಥೆ ಇದೆ. ನಿಧಾನವಾಗಿ ತಿರುಗುವಾಗ ಅದು ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವ್ ಅನ್ನು ಕೂದಲೆಳೆಯಷ್ಟು ಎತ್ತಿ ಒತ್ತಡ ಬಿಡುತ್ತದೆ. ಸ್ಟಾರ್ಟರ್‌ಗೆ ಭಾರ ಕಡಿಮೆ ಆಗಲಿ ಅಂತ ಹಾಗೆ ಮಾಡಿದ್ದು. ಹಾಗಾಗಿ ಚೆನ್ನಾಗಿರುವ ಎಂಜಿನ್ ಕೂಡ ಗೇಜ್ ಮೇಲೆ ಸೊರಗಿದ ಹಾಗೆ ಕಾಣುತ್ತದೆ.

ಅದಕ್ಕೆ ಕೈ ಪರೀಕ್ಷೆ. ಕೀ ಆಫ್ ಇರಲಿ. ಪ್ಲಗ್ ಬಿಗಿಯಾಗಿ ಕೂತಿರಲಿ, ಅದರ ವೈರ್ ಮಾತ್ರ ಎಳೆದು ಬದಿಗಿಡಿ. ಈಗ ಫ್ಲೈವೀಲ್ ಅನ್ನು ಎಂಜಿನ್ ಓಡುವ ದಿಕ್ಕಿಗೆ ಉಲ್ಟಾ, ರಭಸವಾಗಿ ಒಮ್ಮೆ ತಿರುಗಿಸಿ. ಒಂದು ಜಾಗದಲ್ಲಿ ಅದು ಗೋಡೆಗೆ ಹೊಡೆದ ರಬ್ಬರ್ ಚೆಂಡಿನ ಹಾಗೆ ಚಟ್ ಅಂತ ನಿಮ್ಮ ಕೈಗೆ ವಾಪಸ್ ಪುಟಿಯಬೇಕು. ಪುಟಿದರೆ ಕಂಪ್ರೆಷನ್ ಇದೆ. ಮೆತ್ತಗೆ, ಹಿಟ್ಟಿನಲ್ಲಿ ಕೈ ಆಡಿಸಿದ ಹಾಗೆ ಹಾದುಹೋದರೆ ಇಲ್ಲ. ಎರಡು ಮೂರು ಎಂಜಿನ್ ಮೇಲೆ ಮಾಡಿದರೆ ಕೈಗೇ ವ್ಯತ್ಯಾಸ ತಿಳಿಯುತ್ತದೆ.

ಪುಟಿತ ಇಲ್ಲದಿದ್ದರೆ ಒಂದು ಚಮಚ ಎಂಜಿನ್ ಆಯಿಲ್ ಪ್ಲಗ್ ತೂತಿನಿಂದ ಹಾಕಿ, ನಾಲ್ಕು ಸುತ್ತು ತಿರುಗಿಸಿ, ಮತ್ತೆ ಪರೀಕ್ಷಿಸಿ. ಸುಧಾರಿಸಿದರೆ ರಿಂಗ್ ಸವೆದಿವೆ ಅಥವಾ ಒಣಗಿವೆ. ಏನೂ ಬದಲಾಗದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ನಿಂತ ಎಂಜಿನ್‌ಗಳಲ್ಲಿ ಹೆಚ್ಚಾಗಿ ಸಿಗುವುದು ತೆರೆದ ಸ್ಥಿತಿಯಲ್ಲೇ ಹಿಡಿದುಕೊಂಡ ಎಕ್ಸಾಸ್ಟ್ ವಾಲ್ವ್. ಹೆದರಬೇಡಿ. ಈ ಎಂಜಿನ್‌ನ ಹೆಡ್ ಅಂದರೆ ಬರೀ ಮುಚ್ಚಳ, ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ವಾಲ್ವ್ ಎರಡೂ ಕಣ್ಣೆದುರೇ ಕಾಣುತ್ತವೆ. ವಾಲ್ವ್‌ನ ಕಡ್ಡಿಯ, ಅಂದರೆ ಸ್ಟೆಮ್‌ನ, ಸುತ್ತ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಮರದ ತುಂಡಿನಿಂದ ಮೆಲ್ಲಗೆ ತಟ್ಟಿ, ಕೈಯಲ್ಲಿ ಎಂಜಿನ್ ತಿರುಗಿಸಿ, ಮತ್ತೆ ತಟ್ಟಿ. ತಾಳ್ಮೆ ಇದ್ದರೆ ಬಿಡುತ್ತದೆ. ಮುಚ್ಚುವಾಗ ಹೊಸ ಗ್ಯಾಸ್ಕೆಟ್ ಹಾಕಲೇಬೇಕು.

ಕಿಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಹೊಸಬರು ಹೆಚ್ಚು ದುಡ್ಡು ಕಳೆಯುವುದು ಇಲ್ಲೇ.

ನಿಮ್ಮದು ಬ್ಯಾಟರಿ ಇಗ್ನಿಷನ್ನಾ, ಮ್ಯಾಗ್ನೆಟೋನಾ ಅಂತ ಮೊದಲು ತಿಳಿದುಕೊಳ್ಳಿ. ಎಂಜಿನ್ ಹೊರಗೆ ಕಾರಿನಲ್ಲಿ ಇರುವಂಥ ಡಬ್ಬಿಯಾಕಾರದ ಕಾಯಿಲ್ ಇದ್ದು, ಅದಕ್ಕೆ ಕೀಯಿಂದ ವೈರ್ ಬಂದಿದ್ದರೆ ಬ್ಯಾಟರಿ ಇಗ್ನಿಷನ್. ಮ್ಯಾಗ್ನೆಟೋದಲ್ಲಿ ಕಿಡಿ ಹುಟ್ಟುವುದು ಫ್ಲೈವೀಲ್‌ನ ಅಯಸ್ಕಾಂತದಿಂದ. ಅದರಿಂದ ಹೊರಗೆ ಬರುವ ಒಂಟಿ ವೈರ್ ಎಂಜಿನ್ ನಿಲ್ಲಿಸಲು ಮಾತ್ರ. ಆ ವೈರ್‌ಗೆ ಯಾವತ್ತೂ 12 ವೋಲ್ಟ್ ಕೊಡಬೇಡಿ, ಮ್ಯಾಗ್ನೆಟೋ ಹಾಳಾಗುತ್ತದೆ. ಸ್ಟಾರ್ಟ್ ಆಗದ ಮ್ಯಾಗ್ನೆಟೋ ಎಂಜಿನ್‌ಗೆ ಮೊದಲ ಪರೀಕ್ಷೆಯೇ ಆ ವೈರ್ ಕಳಚಿ ನೋಡುವುದು. ಕಳಚಿದ ಮೇಲೆ ಕಿಡಿ ಬಂದರೆ ದೋಷ ಕೀ ಅಥವಾ ಸ್ವಿಚ್ ಕಡೆ ಇದೆ. ಕಳಚಿದ ಎಂಜಿನ್ ಕೀಯಿಂದ ನಿಲ್ಲುವುದಿಲ್ಲ, ನೆನಪಿರಲಿ.

ಕಿಡಿ ನೋಡಲು ಸ್ಪಾರ್ಕ್ ಟೆಸ್ಟರ್ ಬಳಸಿ. ಹೊರಗೆ ತೆಗೆದ ಪ್ಲಗ್‌ನಲ್ಲಿ ಬರುವ ಕಿಡಿ ನಂಬಿಕೆಗೆ ಸಾಲದು, ಯಾಕಂದರೆ ಒತ್ತಡ ಇಲ್ಲದ ಗಾಳಿಯಲ್ಲಿ ದುರ್ಬಲ ಕಿಡಿಯೂ ಹಾರುತ್ತದೆ. ಟೆಸ್ಟರ್‌ನ ದೊಡ್ಡ ಸಂದಿಯನ್ನು ದಾಟಿ, ಚಟ ಚಟ ಸದ್ದಿನ ನೀಲಿ ಕಿಡಿ ಬಂದರೆ ಸರಿ. ಪೆಟ್ರೋಲ್ ಕ್ಯಾನ್ ಈ ಹೊತ್ತಿನಲ್ಲಿ ದೂರ ಇರಲಿ. ಪ್ಲಗ್ ತೂತಿನಿಂದ ಬರುವ ಆವಿಗೂ ಬೆಂಕಿ ಹತ್ತುತ್ತದೆ.

ಕಿಡಿ ಇಲ್ಲವೇ? ಕಾಯಿಲ್ ಬದಲಾಯಿಸಬೇಡಿ, ಮೀಟರ್ ಎತ್ತಿಕೊಳ್ಳಿ. ಬ್ಯಾಟರಿ ಇಗ್ನಿಷನ್‌ನಲ್ಲಿ ಎರಡು ಜಾಗ ಅಳೆದರೆ ಮುಕ್ಕಾಲು ಪಾಲು ಉತ್ತರ ಸಿಗುತ್ತದೆ. ಕೀ ಆನ್ ಮಾಡಿ. ಕಾಯಿಲ್‌ನ ಪಾಸಿಟಿವ್‌ನಲ್ಲಿ ಬ್ಯಾಟರಿಯ ವೋಲ್ಟೇಜ್ ಬರಬೇಕು. ಬರದಿದ್ದರೆ ಕೀ, ಫ್ಯೂಸ್, ವೈರ್ ನೋಡಿ. ಬಂದರೆ ಮೀಟರ್ ಕಡ್ಡಿಯನ್ನು ಕಾಯಿಲ್‌ನ ನೆಗೆಟಿವ್‌ಗೆ, ಅಂದರೆ ಪಾಯಿಂಟ್ ಕಡೆಯ ವೈರ್ ಸೇರುವ ಜಾಗಕ್ಕೆ ಇಟ್ಟು, ಫ್ಲೈವೀಲ್ ಅನ್ನು ಮೆಲ್ಲಗೆ ಕೈಯಲ್ಲಿ ತಿರುಗಿಸಿ. ಪಾಯಿಂಟ್ ತೆರೆದಾಗ 12 ವೋಲ್ಟ್, ಮುಚ್ಚಿದಾಗ ಸೊನ್ನೆ. ಹೀಗೆ ಏರಿ ಇಳಿಯಬೇಕು.

ಯಾವಾಗಲೂ 12 ತೋರಿಸಿದರೆ ಪಾಯಿಂಟ್‌ಗಳು ಮುಚ್ಚುತ್ತಿಲ್ಲ, ಅಥವಾ ಮುಚ್ಚಿದರೂ ನಡುವೆ ಕೊಳೆ ಇದೆ. ನಿಂತ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಯಾವಾಗಲೂ ಸೊನ್ನೆ ತೋರಿಸಿದರೆ ಪಾಯಿಂಟ್ ತೆರೆಯುತ್ತಿಲ್ಲ, ಇಲ್ಲವೇ ಆ ವೈರ್ ಎಲ್ಲೋ ಕಬ್ಬಿಣಕ್ಕೆ ತಾಗುತ್ತಿದೆ, ಇಲ್ಲವೇ ಕಂಡೆನ್ಸರ್ ಒಳಗೆ ಶಾರ್ಟ್ ಆಗಿದೆ, ಇಲ್ಲವೇ ಕಾಯಿಲ್‌ನ ಒಳಗಿನ ತಂತಿ ತುಂಡಾಗಿದೆ. ಕಂಡೆನ್ಸರ್ ವೈರ್ ಕಳಚಿದ ತಕ್ಷಣ ವೋಲ್ಟ್ ಬಂದರೆ ಕಳ್ಳ ಸಿಕ್ಕಿದ. ಕಾಯಿಲ್‌ನ ಎರಡು ಸಣ್ಣ ಟರ್ಮಿನಲ್‌ಗಳ ನಡುವೆ, ವೈರ್ ಕಳಚಿ, 3ರಿಂದ 4 ಓಮ್ ಬಂದರೆ ಒಳ ತಂತಿ ತುಂಡಾಗಿಲ್ಲ. ಈ ಪರೀಕ್ಷೆ ಮಾಡುವಾಗ ಕೀ ಆನ್ ಇಟ್ಟು ಮರೆಯಬೇಡಿ. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ಹಾಗೇ ಬಿಟ್ಟರೆ ಕಾಯಿಲ್ ಕಾದು ಕೆಡುತ್ತದೆ.

ಕೋಹ್ಲರ್ ಎಂಜಿನ್‌ಗಳಲ್ಲಿ ಪಾಯಿಂಟ್ ಹುಡುಕಲು ಫ್ಲೈವೀಲ್ ತೆಗೆಯಬೇಕಿಲ್ಲ. ಬ್ಲಾಕ್ ಪಕ್ಕದಲ್ಲಿ ಒಂದು ಸಣ್ಣ ತಗಡಿನ ಮುಚ್ಚಳದ ಕೆಳಗೆ ಇರುತ್ತವೆ. ತೆರೆದು ಬೆಳಕು ಬಿಟ್ಟು ನೋಡಿ. ಎರಡು ಸಣ್ಣ ಗುಂಡಿಗಳಂಥ ಮುಖಗಳು. ಹೊಳೆಯುವ ಬದಲು ಬೂದಿ ಬಳಿದ ಹಾಗೆ ಮಂಕಾಗಿರುತ್ತವೆ. ಆ ತೆಳು ಪದರವೇ ವಿದ್ಯುತ್ ತಡೆಯುವುದು. ಪಾಯಿಂಟ್ ಉಜ್ಜುವ ಸಣ್ಣ ಅರವನ್ನು ಎರಡು ಮೂರು ಸಲ ಎಳೆಯಿರಿ. ಆಮೇಲೆ ಒಂದು ಬಿಳಿ ಗಟ್ಟಿ ಕಾಗದದ ಪಟ್ಟಿಯನ್ನು ಕಾಂಟ್ಯಾಕ್ಟ್ ಕ್ಲೀನರ್‌ನಲ್ಲಿ ಅದ್ದಿ, ಪಾಯಿಂಟ್ ಮುಚ್ಚಿ, ನಡುವಿನಿಂದ ಎಳೆಯಿರಿ. ಕಾಗದದ ಮೇಲೆ ಕಪ್ಪು ಗೆರೆ ಬರುತ್ತದೆ. ಗೆರೆ ಬರುವುದು ನಿಲ್ಲುವ ತನಕ ಹೊಸ ಪಟ್ಟಿ ಎಳೆಯುತ್ತಿರಿ. ಕೊನೆಯ ಪಟ್ಟಿ ಬಿಳಿಯಾಗಿಯೇ ಹೊರಗೆ ಬರಬೇಕು. ಈ ಕೆಲಸ ಬಿಟ್ಟವರು ಹೊಸ ಪಾಯಿಂಟ್ ಹಾಕಿಯೂ ಸೋಲುತ್ತಾರೆ, ಯಾಕಂದರೆ ಪ್ಯಾಕೆಟ್‌ನಿಂದ ಬರುವಾಗಲೇ ಅದರ ಮೇಲೆ ತುಕ್ಕು ತಡೆಯುವ ಜಿಡ್ಡು ಇರಬಹುದು.

ಆಮೇಲೆ ಗ್ಯಾಪ್. ಪಾಯಿಂಟ್ ಅತಿ ಹೆಚ್ಚು ತೆರೆದ ಜಾಗದಲ್ಲಿ 0.020 ಇಂಚು, ಅಂದರೆ ಸುಮಾರು 0.5 ಮಿ.ಮೀ. ಬ್ಯಾಟರಿ ಇಗ್ನಿಷನ್‌ನ ಪ್ಲಗ್ ಗ್ಯಾಪ್ 0.035 ಇಂಚು, ಸುಮಾರು 0.9 ಮಿ.ಮೀ. ಪಾಯಿಂಟ್ ಗ್ಯಾಪ್ ಬದಲಾದರೆ ಕಿಡಿ ಹಾರುವ ಹೊತ್ತೂ ಬದಲಾಗುತ್ತದೆ. ಕೋಹ್ಲರ್ ಫ್ಲೈವೀಲ್ ಮೇಲೆ ‘ಎಸ್’ ಮತ್ತು ‘ಟಿ’ ಅನ್ನುವ ಎರಡು ಗುರುತು ಇವೆ. ‘ಟಿ’ ಅಂದರೆ ಪಿಸ್ಟನ್ ಪೂರ್ತಿ ಮೇಲೆ. ‘ಎಸ್’ ಅಂದರೆ ಅದಕ್ಕಿಂತ 20 ಡಿಗ್ರಿ ಮೊದಲು. ಪಾಯಿಂಟ್ ಬಿಡಲು ಶುರು ಮಾಡಬೇಕಾದ್ದು ‘ಎಸ್’ ಗುರುತು ಕಿಂಡಿಯಲ್ಲಿ ಕಂಡಾಗ. ಸ್ಟಾರ್ಟರ್ ತಿರುಗಿಸಿದಾಗ ಎಂಜಿನ್ ಹಿಂದಕ್ಕೆ ಒದೆಯುತ್ತಿದ್ದರೆ ಇದನ್ನೇ ಮೊದಲು ನೋಡಿ.

ಪೆಟ್ರೋಲ್

ಕಂಪ್ರೆಷನ್ ಇದೆ, ಕಿಡಿ ಇದೆ, ಆದರೂ ಹತ್ತಿಕೊಳ್ಳುತ್ತಿಲ್ಲ. ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಒಂದು ಸಣ್ಣ ಚಮಚ ಹೊಸ ಪೆಟ್ರೋಲ್ ಅನ್ನು ಪ್ಲಗ್ ತೂತಿನಿಂದ ಹಾಕಿ. ಪ್ಲಗ್ ಬಿಗಿ ಮಾಡಿ, ವೈರ್ ಹಾಕಿ, ಕ್ಯಾನ್ ದೂರ ಇಟ್ಟು, ಚೆಲ್ಲಿದ್ದನ್ನು ಒರೆಸಿ, ಆಮೇಲೆ ಸ್ಟಾರ್ಟ್ ಮಾಡಿ. ನಾಲ್ಕು ಸೆಕೆಂಡ್ ಓಡಿ ನಿಂತರೆ ದೋಷ ಪೆಟ್ರೋಲ್ ದಾರಿಯಲ್ಲಿ ಮಾತ್ರ ಇದೆ. ಆ ನಾಲ್ಕು ಸೆಕೆಂಡ್ ಕೇಳಿದಾಗ ಆಗುವ ಖುಷಿ ಅನುಭವಿಸಿದವರಿಗೇ ಗೊತ್ತು.

ಈಗ ಟ್ಯಾಂಕ್‌ನಿಂದ ಕಾರ್ಬ್ಯುರೇಟರ್ ಕಡೆಗೆ ಒಂದೊಂದೇ ಹೆಜ್ಜೆ ಬನ್ನಿ. ಹಳೇ ಪೆಟ್ರೋಲ್ ವಾರ್ನಿಷ್ ವಾಸನೆ ಹೊಡೆಯುತ್ತದೆ. ಅದನ್ನು ಪೂರ್ತಿ ತೆಗೆಯಿರಿ, ಹೊಸದರ ಜೊತೆ ಬೆರೆಸಬೇಡಿ. ಕಾರ್ಬ್ಯುರೇಟರ್ ಹತ್ತಿರ ಪೈಪ್ ಕಳಚಿ ಗಾಜಿನ ಬಾಟಲಿಗೆ ಹಿಡಿಯಿರಿ. ನಿಲ್ಲದೆ ಹರಿಯಬೇಕು. ಮೊದಲು ಹರಿದು ಆಮೇಲೆ ತೊಟ್ಟಿಕ್ಕಿದರೆ ಟ್ಯಾಂಕ್ ಮುಚ್ಚಳದ ಗಾಳಿ ತೂತು ಮುಚ್ಚಿದೆ, ಅಥವಾ ಟ್ಯಾಂಕ್ ತಳದ ಜಾಲರಿಯಲ್ಲಿ ತುಕ್ಕಿನ ಪುಡಿ ತುಂಬಿದೆ. ಬಾಟಲಿಯನ್ನು ಹತ್ತು ನಿಮಿಷ ಅಲುಗಿಸದೆ ಇಟ್ಟರೆ ತಳದಲ್ಲಿ ನೀರು, ತುಕ್ಕು ಬೇರೆಯಾಗಿ ಕಾಣುತ್ತವೆ.

ಕಾರ್ಬ್ಯುರೇಟರ್ ಬಿಚ್ಚಿದಾಗ ಹಿತ್ತಾಳೆ ಫ್ಲೋಟ್ ಅನ್ನು ಕಿವಿ ಹತ್ತಿರ ಹಿಡಿದು ಅಲುಗಿಸಿ. ಒಳಗೆ ಪೆಟ್ರೋಲ್ ಸದ್ದು ಬಂದರೆ ತೂತಾಗಿದೆ. ಜೆಟ್‌ಗಳನ್ನು ತೆಳು ತಾಮ್ರದ ಎಳೆಯಿಂದ ಸ್ವಚ್ಛ ಮಾಡಿ, ಡ್ರಿಲ್ ಬಿಟ್ ಹಾಕಬೇಡಿ. ಹೊಂದಿಸುವ ಸೂಜಿಯನ್ನು ಒಳಕ್ಕೆ ತಿರುಗಿಸುವಾಗ ಬೆರಳ ತುದಿಯಲ್ಲಿ ಮಾತ್ರ. ಬಿಗಿ ಮಾಡಿದರೆ ಚೂಪಿನ ಮೇಲೆ ಉಂಗುರದ ಗುರುತು ಬೀಳುತ್ತದೆ, ಆಮೇಲೆ ಎಷ್ಟು ತಿರುಗಿಸಿದರೂ ಎಂಜಿನ್ ಹದಕ್ಕೆ ಬರುವುದಿಲ್ಲ. ಮುಖ್ಯ ಸೂಜಿಯನ್ನು ಮುಚ್ಚಿದ ಜಾಗದಿಂದ ಎರಡು ಸುತ್ತಿನಷ್ಟು ಬಿಚ್ಚಿ ಶುರು ಮಾಡಿ, ಉಳಿದದ್ದು ಎಂಜಿನ್ ಬಿಸಿಯಾದ ಮೇಲೆ.

ಚೋಕ್ ಎಳೆದಿದ್ದಾಗ ಮಾತ್ರ ಓಡುತ್ತದೆ ಅಂದರೆ ಪೆಟ್ರೋಲ್ ಸಾಲದು ಅಥವಾ ಗಾಳಿ ಜಾಸ್ತಿ. ಥ್ರಾಟಲ್ ಶಾಫ್ಟ್ ಸವೆದು ಅಲ್ಲಾಡುತ್ತಿದ್ದರೆ ಅಲ್ಲಿಂದಲೇ ಗಾಳಿ ಒಳಗೆ ಹೋಗುತ್ತದೆ. ಕೈಯಲ್ಲಿ ಅಲ್ಲಾಡಿಸಿದರೆ ಗೊತ್ತಾಗುತ್ತದೆ. ಎಂಜಿನ್ ವೇಗ ಮಿತಿ ಮೀರದ ಹಾಗೆ ಹಿಡಿಯುವ ಗವರ್ನರ್‌ನ ಕಡ್ಡಿ ಕಳಚಿ ಎಂಜಿನ್ ಓಡಿಸುವ ಪ್ರಯೋಗ ಮಾತ್ರ ಬೇಡ. ಈ ಎಂಜಿನ್‌ಗಳ ಗರಿಷ್ಠ ವೇಗ ನಿಮಿಷಕ್ಕೆ 3600 ಸುತ್ತು. ಹಿಡಿತ ತಪ್ಪಿದರೆ ರಾಡ್ ಮುರಿಯುತ್ತದೆ, ಫ್ಲೈವೀಲ್ ಸಿಡಿಯಲೂಬಹುದು.

ಬಿಸಿಯಾದ ಮೇಲೆ ನಿಲ್ಲುವ ಎಂಜಿನ್

ಈಗ ನನ್ನ ಟ್ರ್ಯಾಕ್ಟರ್ ವಿಷಯಕ್ಕೆ ಬರೋಣ. ಇಂಥ ದೋಷದಲ್ಲಿ ಕಷ್ಟ ಏನೆಂದರೆ, ನೀವು ಸಾಮಾನು ಹುಡುಕಿ ತರುವಷ್ಟರಲ್ಲಿ ಎಂಜಿನ್ ತಣ್ಣಗಾಗಿ ದೋಷವೇ ಮಾಯ. ನಾನು ಬದಲಾಯಿಸಿದ ಮೂರೂ ಭಾಗಗಳನ್ನು ತಣ್ಣಗಿದ್ದಾಗ ಪರೀಕ್ಷಿಸಿದ್ದೆ. ಆಗ ಎಲ್ಲವೂ ಸರಿಯಾಗಿಯೇ ಇದ್ದವು. ನಿಂತ ಮೊದಲ ಎರಡು ನಿಮಿಷದಲ್ಲಿ ಹಿಡಿಯಬೇಕು. ಅದಕ್ಕೆ ಮೊದಲೇ ಸಿದ್ಧವಾಗಿರಬೇಕು: ಸ್ಪಾರ್ಕ್ ಟೆಸ್ಟರ್ ಪ್ಲಗ್ ವೈರ್ ನಡುವೆ ಸೇರಿಸಿಯೇ ಓಡಿಸಿ, ಬಾಟಲಿ ಪಕ್ಕದಲ್ಲಿರಲಿ, ಕೈಗೆ ದಪ್ಪ ಗ್ಲೌಸ್ ಇರಲಿ. ಇದಕ್ಕೆ ವೈರ್ ನಡುವೆ ಕೂರುವ ಬಗೆಯ ಟೆಸ್ಟರ್ ಬೇಕು.

ಎಂಜಿನ್ ಹೇಗೆ ಸಾಯುತ್ತದೆ ಅನ್ನುವುದೇ ಅರ್ಧ ಸಾಕ್ಷಿ. ಸ್ವಿಚ್ ಆಫ್ ಮಾಡಿದ ಹಾಗೆ ಪಟ್ ಅಂತ ನಿಂತರೆ ಕಿಡಿಯ ಕಡೆ ಅನುಮಾನ. ಕಾಯಿಲ್ ಅಥವಾ ಕಂಡೆನ್ಸರ್ ಬಿಸಿಗೆ ಕೈಕೊಡುತ್ತಿರಬಹುದು. ಏರಿಳಿಯುತ್ತಾ, ತಡವರಿಸುತ್ತಾ ನಿಂತರೆ, ಚೋಕ್ ಎಳೆದಾಗ ನಾಲ್ಕು ಕ್ಷಣ ಚೇತರಿಸಿಕೊಂಡರೆ, ಪೆಟ್ರೋಲ್. ಆಗ ಟ್ಯಾಂಕ್ ಮುಚ್ಚಳ ಮೆಲ್ಲಗೆ ತಿರುಗಿಸಿ ಕಿವಿಗೊಡಿ. ಸುಯ್ ಅಂತ ಗಾಳಿ ಒಳಗೆ ನುಗ್ಗಿದರೆ ಗಾಳಿ ತೂತು ಮುಚ್ಚಿದೆ. ಮೂರನೆಯ ಬಗೆ ಇದು: ಶಕ್ತಿ ಮೆಲ್ಲಗೆ ಇಳಿಯುತ್ತದೆ, ಚೋಕ್ ಎಳೆದರೂ ಏನೂ ಆಗುವುದಿಲ್ಲ, ನಿಂತ ಮೇಲೆ ಸ್ಟಾರ್ಟರ್ ಮೊದಲಿಗಿಂತ ಹಗುರವಾಗಿ, ಸರಾಗವಾಗಿ ತಿರುಗುತ್ತದೆ. ನನ್ನದು ಹೀಗಿತ್ತು. ಆ ಹಗುರವಾದ ಸದ್ದನ್ನು ನಾನು ಎಷ್ಟೋ ಸಲ ಕೇಳಿದ್ದೆ. ಬ್ಯಾಟರಿ ಚೆನ್ನಾಗಿದೆ ಅಂತಲೇ ಅಂದುಕೊಂಡಿದ್ದೆ.

ಹೀಗೆ ಸಿದ್ಧವಾಗಿ ಓಡಿಸಿದ ಸಲ, ನಿಂತ ತಕ್ಷಣ ಟ್ಯಾಂಕ್ ಮುಚ್ಚಳ ತೆರೆದೆ. ಸದ್ದಿಲ್ಲ. ಕೀ ತಿರುಗಿಸಿದೆ, ಟೆಸ್ಟರ್‌ನಲ್ಲಿ ಕಿಡಿ ಚೆನ್ನಾಗಿ ಮಿನುಗಿತು. ಪೈಪ್ ಕಳಚಿ ಬಾಟಲಿಗೆ ಹಿಡಿದೆ, ಪೆಟ್ರೋಲ್ ಹರಿಯಿತು. ಪೈಪ್ ಹಾಕಿ, ಒರೆಸಿ, ಕೀ ಆಫ್ ಮಾಡಿ, ಪ್ಲಗ್ ವೈರ್ ಎಳೆದು, ಗ್ಲೌಸ್ ಹಾಕಿದ ಕೈಯಲ್ಲಿ ಫ್ಲೈವೀಲ್ ಉಲ್ಟಾ ತಿರುಗಿಸಿದೆ. ಪುಟಿಯಲಿಲ್ಲ. ಮೆತ್ತಗೆ ಹಾದುಹೋಯಿತು. ಅದೇ ಎಂಜಿನ್ ಬೆಳಗ್ಗೆ ತಣ್ಣಗಿದ್ದಾಗ ಕೈಗೆ ಹೊಡೆಯುವಷ್ಟು ಪುಟಿದಿತ್ತು. ಮುಕ್ಕಾಲು ಗಂಟೆ ಬಿಟ್ಟು ಮತ್ತೆ ತಿರುಗಿಸಿದೆ. ಪುಟಿಯಿತು.

ಬಿಸಿಯಾದಾಗ ಮಾತ್ರ ಕಂಪ್ರೆಷನ್ ಹೋಗುತ್ತದೆ ಅಂದರೆ ಮೊದಲ ಅನುಮಾನ ಎಕ್ಸಾಸ್ಟ್ ವಾಲ್ವ್ ಮೇಲೆ. ವಾಲ್ವ್ ಸ್ಟೆಮ್ ಕಾದು ಉದ್ದವಾಗುತ್ತದೆ. ಅದಕ್ಕೆ ಜಾಗ ಇರಲಿ ಅಂತಲೇ ಸ್ಟೆಮ್‌ಗೂ ಅದನ್ನು ಕೆಳಗಿನಿಂದ ಎತ್ತುವ ಟ್ಯಾಪೆಟ್‌ಗೂ ನಡುವೆ ಸ್ವಲ್ಪ ಸಂದಿ ಬಿಟ್ಟಿರುತ್ತಾರೆ. ಈ ಬಗೆಯ ಎಂಜಿನ್‌ನಲ್ಲಿ ವರ್ಷಗಳಿಂದ ವಾಲ್ವ್ ಕೂರುವ ಸೀಟ್ ಸವೆದ ಹಾಗೆ ವಾಲ್ವ್ ಕೆಳಕ್ಕೆ ಇಳಿಯುತ್ತದೆ, ಸಂದಿ ಕಿರಿದಾಗುತ್ತಾ ಬರುತ್ತದೆ. ಒಂದು ದಿನ ಬಿಸಿಯಲ್ಲಿ ಸಂದಿಯೇ ಉಳಿಯುವುದಿಲ್ಲ, ವಾಲ್ವ್ ಪೂರ್ತಿ ಕೂರುವುದಿಲ್ಲ. ತಣ್ಣಗಾದ ಮೇಲೆ ಮತ್ತೆ ಕೂರುತ್ತದೆ.

ಅಳೆಯುವುದು ತಣ್ಣಗಿನ ಎಂಜಿನ್‌ನಲ್ಲಿ. ಪಕ್ಕದ ಬ್ರೀದರ್ ಮುಚ್ಚಳ ಬಿಚ್ಚಿದರೆ ಟ್ಯಾಪೆಟ್‌ಗಳು ಕಾಣುತ್ತವೆ. ಪಿಸ್ಟನ್ ಕಂಪ್ರೆಷನ್ ಹೊಡೆತದ ಮೇಲ್ತುದಿಯಲ್ಲಿರಬೇಕು, ಅಂದರೆ ಎರಡೂ ವಾಲ್ವ್ ಮುಚ್ಚಿರಬೇಕು. ನನ್ನ 10 ಎಚ್‌ಪಿ ಎಂಜಿನ್‌ನ ಕೈಪಿಡಿಯಲ್ಲಿ ಎಕ್ಸಾಸ್ಟ್‌ಗೆ 0.017ರಿಂದ 0.020 ಇಂಚು, ಇನ್‌ಟೇಕ್‌ಗೆ 0.008ರಿಂದ 0.010 ಅಂತ ಇತ್ತು. ಎಕ್ಸಾಸ್ಟ್‌ನಲ್ಲಿ ಫೀಲರ್ ಗೇಜ್‌ನ 0.004ರ ಪಟ್ಟಿಯೂ ಒಳಗೆ ಹೋಗಲಿಲ್ಲ. ನಿಮ್ಮ ಎಂಜಿನ್‌ನ ಅಂಕಿ ಬೇರೆ ಇರಬಹುದು, ಅದರದೇ ಕೈಪಿಡಿ ನೋಡಿ.

ಹೆಡ್ ತೆಗೆದು, ವಾಲ್ವ್ ಹೊರಗೆ ಎಳೆದು ನೋಡಿದರೆ ಅದರ ಅಂಚಿನಲ್ಲಿ ಉಂಗುರದ ಒಂದು ಪಕ್ಕ ಮಾತ್ರ ಬೆಳ್ಳಗಿತ್ತು, ಇನ್ನೊಂದು ಪಕ್ಕ ಕಪ್ಪು ಮಸಿ. ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಅಂಗೈಗಳ ನಡುವೆ ಕಡಗೋಲಿನ ಹಾಗೆ ಲ್ಯಾಪಿಂಗ್ ಕೋಲು ಆಡಿಸಿ, ಸುತ್ತಲೂ ಒಂದೇ ಸಮನಾದ ಬೂದು ಬಣ್ಣದ ಉಂಗುರ ಬರುವ ತನಕ ಉಜ್ಜಿದೆ. ಪೇಸ್ಟ್‌ನ ಒಂದು ಕಣವೂ ಉಳಿಯದ ಹಾಗೆ ತೊಳೆದೆ, ಅದು ಒಳಗೆ ಉಳಿದರೆ ಸಿಲಿಂಡರನ್ನೇ ಉಜ್ಜುತ್ತದೆ. ಟ್ಯಾಪೆಟ್ ಸ್ಕ್ರೂ ತಿರುಗಿಸಿ ಸಂದಿಯನ್ನು 0.018ಕ್ಕೆ ತಂದೆ. ಕೆಲವು ಎಂಜಿನ್‌ಗಳಲ್ಲಿ ಸ್ಕ್ರೂ ಇರುವುದಿಲ್ಲ, ಸ್ಟೆಮ್‌ನ ತುದಿಯನ್ನೇ ಒಂದಿಷ್ಟು ಉಜ್ಜಿ ಅಳೆಯಬೇಕು. ಹೊಸ ಗ್ಯಾಸ್ಕೆಟ್ ಹಾಕಿ, ಹೆಡ್ ಬೋಲ್ಟ್‌ಗಳನ್ನು ಕೈಪಿಡಿಯ ಕ್ರಮದಲ್ಲಿ ಎರಡು ಮೂರು ಹಂತಗಳಲ್ಲಿ ಬಿಗಿ ಮಾಡಿದೆ.

ಹೆಡ್ ತೆಗೆಯಲು ಕವಚ ಬಿಚ್ಚಲೇಬೇಕಾಗಿತ್ತು. ಎಕ್ಸಾಸ್ಟ್ ವಾಲ್ವ್ ಇರುವ ಬದಿಯಲ್ಲೇ, ಸಿಲಿಂಡರ್ ಏಣುಗಳ ನಡುವೆ ಹುಲ್ಲು, ಎಣ್ಣೆ ಕಲಸಿದ ಮುದ್ದೆ ಇಟ್ಟಿಗೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಎಲ್ಲಕ್ಕಿಂತ ಹೆಚ್ಚು ಕಾಯುವ ಜಾಗಕ್ಕೆ ಗಾಳಿಯೇ ಹೋಗುತ್ತಿರಲಿಲ್ಲ. ಮರದ ಕಡ್ಡಿಯಿಂದ ಕೆದರಿ ತೆಗೆಯಲು ಒಂದು ಸಂಜೆ ಹಿಡಿಯಿತು.

ಮಾರನೆಯ ದಿನ ಒಂದೂವರೆ ಗಂಟೆ ಓಡಿಸಿದೆ. ನಿಲ್ಲಿಸಿದ ತಕ್ಷಣ, ಬಿಸಿ ಇರುವಾಗಲೇ, ಫ್ಲೈವೀಲ್ ಉಲ್ಟಾ ತಿರುಗಿಸಿದೆ. ಗ್ಲೌಸ್ ಒಳಗಿನ ಬೆರಳು ಜುಮ್ಮೆನ್ನುವ ಹಾಗೆ ಪುಟಿಯಿತು. ನೋಟ್‌ಬುಕ್‌ನಲ್ಲಿ 0.018 ಅಂತ ಬರೆದು, ಹತ್ತು ಗಂಟೆ ಓಡಿದ ಮೇಲೆ ಮತ್ತೆ ಅಳೆಯಬೇಕು ಅಂತ ಅದರ ಕೆಳಗೆ ಗುರುತು ಹಾಕಿಕೊಂಡೆ.